ಸಾಫ್ಟ್‌ವೇರ್ ಸೈಟಿಗೆ ಬ್ಯಾಕ್‌ಲಿಂಕ್: ನಾಲ್ಕು ದಾರಿಗಳಲ್ಲಿ ಯಾವುದು ಮೇಲು?

ಬ್ಯಾಕ್‌ಲಿಂಕ್ ಎಂದರೆ ಬೇರೆಯವರ ಸೈಟಿನಿಂದ ನಿಮ್ಮ ಸೈಟಿಗೆ ಬರುವ ಲಿಂಕ್. ಅದನ್ನು ಗಳಿಸುವ ನಾಲ್ಕು ದಾರಿಗಳು: ಇಂಟಿಗ್ರೇಷನ್ ಪುಟ, ಉಚಿತ ಟೂಲ್, ಮುರಿದ ಲಿಂಕ್, ಗೆಸ್ಟ್ ಪೋಸ್ಟ್ (ಬೇರೆಯವರ ಸೈಟಿನಲ್ಲಿ ನೀವು ಬರೆಯುವ ಲೇಖನ). ನಾಲ್ಕನ್ನೂ ಮಾಡಿ ನೋಡಿದ ಮೇಲೆ ನಾವು ಕೊಡುವ ರ‍್ಯಾಂಕೂ ಇದೇ ಸಾಲಿನಲ್ಲಿದೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಹಿಡಿಯುತ್ತಾರೆ: ಗೆಸ್ಟ್ ಪೋಸ್ಟ್‌ನಿಂದ ಶುರು ಮಾಡಿ, ಬಜೆಟ್ ಕರಗಿದ ಮೇಲೆ ಉಳಿದವನ್ನು ನೆನೆಯುತ್ತಾರೆ.

ಇಂಟಿಗ್ರೇಷನ್‌ನಲ್ಲಿ ಶ್ರಮ ಕಡಿಮೆ. ನಿಮ್ಮ ಸಾಫ್ಟ್‌ವೇರ್ ಸ್ಲ್ಯಾಕ್, ಝೇಪಿಯರ್‌ನಂಥವುಗಳ ಜೊತೆ ಕೆಲಸ ಮಾಡುವುದಾದರೆ ಅವುಗಳ ಆ್ಯಪ್ ಡೈರೆಕ್ಟರಿಯಲ್ಲಿ ಜಾಗ ಕೇಳಬಹುದು. ಅದಕ್ಕಿಂತ ಸುಲಭವಾಗಿ ಸಿಗುವುದು ಚಿಕ್ಕ ಕಂಪನಿಗಳ ಸಹಾಯ ಪುಟದ ಲಿಂಕ್. ಅವರ ಮತ್ತು ನಿಮ್ಮ ಸಾಫ್ಟ್‌ವೇರ್ ಜೋಡಿಸುವ ವಿಧಾನವನ್ನು ಸ್ಕ್ರೀನ್‌ಶಾಟ್ ಸಮೇತ ನಿಮ್ಮ ಸೈಟಿನಲ್ಲಿ ಬರೆದು, ಆ ಪುಟದ ವಿಳಾಸವನ್ನೇ ಅವರಿಗೆ ಕಳಿಸಿ. ಇಲ್ಲದಿದ್ದರೆ ಲಿಂಕ್ ಹೋಮ್‌ಪೇಜಿಗೆ ಹೋಗಿಬಿಡುತ್ತದೆ. ಲಿಂಕ್ ಬಂದ ಮೇಲೆ ಪುಟದ ಸೋರ್ಸ್ ತೆರೆದು ನೋಡಿ. ನೋಫಾಲೋ (ಈ ಲಿಂಕನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಗೂಗಲ್‌ಗೆ ಹೇಳುವ ಗುರುತು) ಇದ್ದರೂ ಬೇಸರ ಬೇಡ: ಅದನ್ನು ಸುಳಿವಾಗಿ ಮಾತ್ರ ಪರಿಗಣಿಸುವುದಾಗಿ ಗೂಗಲ್ 2019ರಲ್ಲೇ ಹೇಳಿದೆ.

ಉಚಿತ ಟೂಲ್‌ಗೆ ಕಾಯುವ ತಾಳ್ಮೆ ಬೇಕು, ಆದರೆ ಕುಳಿತಲ್ಲೇ ಲಿಂಕ್ ತರುವುದು ಇದೊಂದೇ. ಒಂದೇ ಸಣ್ಣ ಕೆಲಸ ಮಾಡಬೇಕು, ಲಾಗಿನ್ ಕೇಳಬಾರದು. ಇಮೇಲ್ ಸಾಫ್ಟ್‌ವೇರ್ ಮಾರುವವರಾದರೆ ಎಸ್‌ಪಿಎಫ್ (ಡೊಮೇನಿನ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ದಾಖಲೆ) ಪರೀಕ್ಷಕ ಕಟ್ಟಿ: ಡೊಮೇನ್ ಹಾಕಿದರೆ, ಅದರ ದಾಖಲೆ 10 ಡಿಎನ್‌ಎಸ್ ಲುಕಪ್‌ಗಳ (ಡೊಮೇನ್ ವಿವರ ಹುಡುಕುವ ವಿಚಾರಣೆಗಳ) ಮಿತಿ ದಾಟಿದೆಯೇ, ಯಾವ ಇನ್‌ಕ್ಲೂಡ್ (ಬೇರೆ ಡೊಮೇನಿನ ದಾಖಲೆಯನ್ನು ಸೇರಿಸಿಕೊಳ್ಳುವ ಭಾಗ) ಎಷ್ಟು ನುಂಗುತ್ತಿದೆ ಎಂದು ತೋರಿಸಬೇಕು. ಮೇಲ್ ಏಕೆ ಸ್ಪ್ಯಾಮಿಗೆ ಹೋಯಿತು ಎಂದು ಯಾರಾದರೂ ವಿವರಿಸುವಾಗ ಇಂಥ ಪುಟಕ್ಕೇ ಲಿಂಕ್ ಕೊಡುತ್ತಾರೆ, ನಿಮ್ಮ ಬೆಲೆಪಟ್ಟಿಗಲ್ಲ. ಎಡವುವುದು ಎರಡು ಕಡೆ. ಪ್ರತಿ ಫಲಿತಾಂಶಕ್ಕೂ ಬೇರೆ ಯುಆರ್‌ಎಲ್ ಇದ್ದು ನೋಇಂಡೆಕ್ಸ್ (ಹುಡುಕಾಟಕ್ಕೆ ಸೇರಿಸಬೇಡ ಎಂಬ ಗುರುತು) ಹಾಕದಿದ್ದರೆ ಸಾವಿರಾರು ಪೊಳ್ಳು ಪುಟಗಳು ಇಂಡೆಕ್ಸ್ ಸೇರುತ್ತವೆ. ಇನ್ನೊಂದು, ಟೂಲ್ ಪುಟದಿಂದ ಉತ್ಪನ್ನದ ಪುಟಕ್ಕೆ ಒಳಲಿಂಕ್ ಹಾಕದಿದ್ದರೆ ಗಳಿಸಿದ ಬಲ ಅಲ್ಲೇ ನಿಂತ ನೀರು. ಟೂಲನ್ನು ವಿಜೆಟ್ (ಬೇರೆ ಸೈಟುಗಳಲ್ಲಿ ಕೂರಿಸುವ ತುಣುಕು) ಮಾಡಿ ಹಂಚುವುದಾದರೆ ಅದರೊಳಗೆ ಕೀವರ್ಡ್ ಲಿಂಕ್ ತುರುಕಬೇಡಿ. ಗೂಗಲ್‌ನ ಸ್ಪ್ಯಾಮ್ ನೀತಿ ಇದನ್ನು ಹೆಸರಿಸಿಯೇ ನಿಷೇಧಿಸಿದೆ.

ಮುರಿದ ಲಿಂಕ್‌ಗಳಲ್ಲಿ ಮೊದಲು ನಿಮ್ಮವನ್ನೇ ಸರಿಪಡಿಸಿಕೊಳ್ಳಿ. ಹೊರಗಿನಿಂದ ಲಿಂಕ್ ಇದ್ದೂ 404 (ಪುಟ ಸಿಗಲಿಲ್ಲ) ಆಗಿರುವ ಹಳೆಯ ಪುಟಗಳನ್ನು ಅದೇ ವಿಷಯದ ಪುಟಕ್ಕೆ 301 (ಶಾಶ್ವತವಾಗಿ ತಿರುಗಿಸುವುದು) ಮಾಡಿ. ಎಲ್ಲವನ್ನೂ ಹೋಮ್‌ಪೇಜಿಗೆ ತಿರುಗಿಸಿದರೆ ಗೂಗಲ್ ಸಾಫ್ಟ್ 404 (ಇಲ್ಲದ ಪುಟಕ್ಕೆ ಸಮ) ಎಂದು ಬದಿಗಿಡಬಹುದು. ಆಮೇಲೆ ಪ್ರತಿಸ್ಪರ್ಧಿಗಳ ಸತ್ತ ಪುಟಗಳು: ಲಿಂಕ್ ವಿಶ್ಲೇಷಿಸುವ ಸೇವೆಯಾದ ಅಹ್ರೆಫ್ಸ್‌ನಲ್ಲಿ ಪಟ್ಟಿ ತೆಗೆದು, ಹಳೆಯ ವೆಬ್ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್‌ನಲ್ಲಿ ಅವುಗಳ ವಿಷಯ ನೋಡಿ, ಬದಲಿ ಪುಟ ಬರೆದು, ಸತ್ತ ಪುಟಕ್ಕೆ ಲಿಂಕ್ ಕೊಟ್ಟಿರುವ ಸೈಟುಗಳಿಗೆ ಮೇಲ್ ಹಾಕುವುದು. ಯಾವ ಪುಟ, ಯಾವ ಪ್ಯಾರಾ, ಯಾವ ಲಿಂಕ್ ಸತ್ತಿದೆ, ಇಷ್ಟೇ ಮೂರು ಸಾಲು ಸಾಕು. ಉತ್ತರ ಬರುವುದು ಅಪರೂಪ. ಯಾವುದಾದರೂ ಉತ್ಪನ್ನ ಮುಚ್ಚಿಹೋದ ಹೊತ್ತಿನಲ್ಲಿ ಮಾತ್ರ ಸುಗ್ಗಿ.

ಗೆಸ್ಟ್ ಪೋಸ್ಟ್ ಕೆಟ್ಟದ್ದೇನಲ್ಲ, ನಿಮ್ಮ ಗಿರಾಕಿಗಳು ಓದುವ ಜಾಗವಾದರೆ. ಆದರೆ ಲಿಂಕನ್ನು ಮಾರಾಟಕ್ಕಿಟ್ಟ ಸೈಟುಗಳೇ ಜಾಸ್ತಿ. ಡಿಆರ್ (ಡೊಮೇನ್ ರೇಟಿಂಗ್) 70 ಎಂದು ಮರುಳಾಗಬೇಡಿ. ಅದು ಅಹ್ರೆಫ್ಸ್‌ನ ಲೆಕ್ಕ, ಗೂಗಲ್‌ನದ್ದಲ್ಲ. ಆ ಸೈಟಿನ ಆರ್ಗ್ಯಾನಿಕ್ ಟ್ರಾಫಿಕ್ ಗ್ರಾಫ್ ನೋಡಿ, ಹೊರಹೋಗುವ ಲಿಂಕುಗಳಲ್ಲಿ ಕ್ಯಾಸಿನೋ, ಸಾಲದ ಆ್ಯಪ್ ಇವೆಯೇ ನೋಡಿ. ಇದ್ದರೆ ಬಿಟ್ಟುಬಿಡಿ. 2016ರ ಪೆಂಗ್ವಿನ್ 4.0 (ಸ್ಪ್ಯಾಮ್ ಲಿಂಕ್ ಹಿಡಿಯುವ ಗೂಗಲ್ ಅಪ್‌ಡೇಟ್) ಬಂದ ಮೇಲೆ ಇಂಥ ಲಿಂಕುಗಳ ಬೆಲೆಯನ್ನು ಗೂಗಲ್ ಬಹುಪಾಲು ಸೊನ್ನೆ ಮಾಡಿ ಸುಮ್ಮನಾಗುತ್ತದೆ, ಹಣ ಕೊಟ್ಟವರಿಗೆ ಗೊತ್ತೂ ಆಗುವುದಿಲ್ಲ. ಈಗಾಗಲೇ ಕೊಂಡಿದ್ದರೆ ಗಾಬರಿಯಿಂದ ಡಿಸ್‌ಅವೋ ಫೈಲ್ (ಈ ಲಿಂಕುಗಳನ್ನು ಲೆಕ್ಕಿಸಬೇಡಿ ಎಂದು ಗೂಗಲ್‌ಗೆ ಕೊಡುವ ಪಟ್ಟಿ) ಹಾಕುವ ಮುನ್ನ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನ್ಯುಯಲ್ ಆ್ಯಕ್ಷನ್ (ಗೂಗಲ್ ಸಿಬ್ಬಂದಿ ಹಾಕಿದ ದಂಡನೆ) ಇದೆಯೇ ನೋಡಿ. ಇಲ್ಲವೆಂದರೆ ಸಾಮಾನ್ಯವಾಗಿ ಆ ಫೈಲ್ ಬೇಕಾಗುವುದಿಲ್ಲ.