ಬೀದರ್ ವೆಟರ್ನರಿ ಕಾಲೇಜ್‌ದಾಗ ಕೋಳಿ ಪೋಸ್ಟ್‌ಮಾರ್ಟಮ್: ವ್ಯಾಕ್ಸಿನ್ ಹಾಕಿದ್ರೂ ಮರಿ ಯಾಕ್ ಸತ್ವು ಅಂತ ಇಲ್ಲೇ ತಿಳೀತು

ಕೋಳಿ ಸಾಕೋರು ಯಾರರ ಇದ್ರ ಪೂರಾ ಓದ್ರಿ. ನಮ್ದು ಹುಮನಾಬಾದ್ ಹತ್ರ ಸಣ್ಣ ಶೆಡ್ ಅದ, 500 ಗಿರಿರಾಜ ಮರಿ ಬಿಟ್ಟಿದ್ವಿ. 7ನೇ ದಿನಕ್ಕ ಲಸೋಟಾ (ಕೊಕ್ಕರೆ ರೋಗದ ಲಸಿಕೆ) ಕಣ್ಣಾಗ ಹನಿ ಹಾಕಿದ್ವಿ, 28ಕ್ಕ ಮತ್ತ ನೀರಾಗ ಕೊಟ್ವಿ, ಐಸ್ ಬಾಕ್ಸ್‌ದಾಗೇ ತಂದಿದ್ವಿ. ಆದ್ರೂ 36ನೇ ದಿನದಿಂದ ಹಸರು ಹಿಕ್ಕಿ, ಕುತ್ಗಿ ತಿರುವೋದು ಸುರು ಆಗಿ ದಿನಾ ಹತ್ತು ಹದಿನೈದು ಸಾಯ್ಲಾಕತ್ವು. ಕೊಕ್ಕರೆ ರೋಗ ಅಂತ ನೋಡಿದ್ರೇ ಗೊತ್ತಾಗ್ತಿತ್ತು, ಆದ್ರ ಲಸಿಕೆ ಹಾಕಿದ್ ಮ್ಯಾಲ ಹ್ಯಾಂಗ್ ಬಂತು? ಮೆಡಿಕಲ್‌ನವ್ರು ಡುಪ್ಲಿಕೇಟ್ ಕೊಟ್ಟಾರ ಅಂತ ನಮ್ಮ ಕಾಕಾ ಜಗಳಕ್ಕೇ ಹೊಂಟಿದ್ರು. ತಡ್ರಿ ಕಾಕಾ ಮೊದ್ಲ ತೋರ್ಸಿ ಬರ್ತೀನಿ ಅಂತ ಅವತ್ತ ಬೆಳಿಗ್ಗಿ ಸತ್ತಿದ್ದ ನಾಕು, ಜೀವ ಇದ್ದಿದ್ ಎರಡು ತಗೊಂಡು ನಂದಿನಗರದ ಕಾಲೇಜಿಗೆ ಹೋದೆ.

ಡಾಕ್ಟರ್ ಮೇಡಂ ನನ್ನ ಮುಂದೇ ಕೊಯ್ದು ತೋರ್ಸಿದ್ರು. ಹೊಟ್ಟಿ ಒಳಗ ರಕ್ತದ ಚುಕ್ಕಿ, ಅದು ಕೊಕ್ಕರೆ ರೋಗದ ಗುರುತು. ಆಮ್ಯಾಲ ಹಿಂದ ಗುದದ ಮ್ಯಾಲಿಂದು ಒಂದು ಗಂಟು ಬಿಡಿಸಿ ಚಾಕು ತುದಿ ಮ್ಯಾಲ ಇಟ್ಟು, "ಇದು ಬರ್ಸಾ, ಈ ವಯಸ್ಸಿಗೆ ಬಾರಿಹಣ್ಣಿನಷ್ಟ ಇರ್ಬೇಕ್ರಿ, ನಿಮ್ದು ನೋಡ್ರಿ" ಅಂದ್ರು. ನೆನಸಿದ ತೊಗರಿ ಕಾಳಿನಷ್ಟೇ ಇತ್ತು. ಆರಕ್ಕ ಆರೂ ಹಂಗೇ.

ಕೋಳಿಗೆ ಆ್ಯಂಟಿಬಾಡಿ, ಅಂದ್ರ ರೋಗದ ಜೋಡಿ ಹೊಡೆದಾಡೋ ಅಂಶ, ಮಾಡೋ ಬಿ ಸೆಲ್ ಅನ್ನೋ ಕಣ ಬೆಳೆಯೋದು ಈ ಬರ್ಸಾದಾಗಂತ. ಗಂಬೋರೋ ಅಂತ ಕೋಳಿಗೆ ಬರೋ ಇನ್ನೊಂದು ರೋಗ ಅದ, ಅದರ ವೈರಸ್ ಹೊಡಿಯೋದು ಸೀದಾ ಬರ್ಸಾನೇ. 3 ರಿಂದ 6 ವಾರದ ಮರಿಗೆ ಬಂದ್ರ ಬಿಳಿ ಭೇದಿ ಆಗಿ ಸಾಯ್ತಾವು, ಕಣ್ಣಿಗೆ ಕಾಣ್ತದ. ಆದ್ರ 3 ವಾರದ ಒಳಗ ಬಂದ್ರ ಮರಿ ಆರಾಮೇ ಕಾಣ್ತಾವ್ರೀ, ತಿಂತಾವು ಓಡಾಡ್ತಾವು, ಒಳಗ ಬರ್ಸಾ ಮಾತ್ರ ಸುಟ್ಟು ಹೋಗಿರ್ತದ, ಮುಂದ ನೀವು ಎಂಥಾ ಒಳ್ಳೆ ಲಸೋಟಾ ಹಾಕಿದ್ರೂ ಅದಕ್ಕ ಸರಿಯಾಗಿ ಆ್ಯಂಟಿಬಾಡಿ ಮಾಡೋ ತಾಕತ್ತೇ ಮರಿ ಮೈಯಾಗ ಉಳಿದಿರಾಂಗಿಲ್ಲ. ಇದನ್ನ ಕೇಳಿ ನಂಗ ಭಾಳ ಸಂಕಟ ಆಯ್ತು, ಯಾಕಂದ್ರ ಮರಿ ಕೊಟ್ಟವ್ರು ಗಿರಿರಾಜಕ್ಕ ಗಂಬೋರೋ ಲಸಿಕೆ ಬ್ಯಾಡ ಅಂದಿದ್ರು, ನಾವೂ ಹಾಕಿರ್ಲಿಲ್ಲ, ಮ್ಯಾಲಿಂದ ಹಿಂದಿನ ಬ್ಯಾಚಿಗೆ ನೆಲಕ್ಕ ಹಾಸಿದ್ದ ಹಳೆ ಹೊಟ್ಟಿನ ಮ್ಯಾಲೇ ಹೊಸ ಮರಿ ಬಿಟ್ಟಿದ್ವಿ. ಈ ವೈರಸ್ ಶೆಡ್‌ದಾಗ ತಿಂಗಳಾನುಗಟ್ಲೆ ಉಳೀತದ.

ಹಂಗಾದ್ರ ಒಂದನೇ ದಿನಾನೇ ಹಾಕಿಬಿಡೋಣ ಅಂದೆ. ಆಗಂಗಿಲ್ಲಂತ. ತಾಯಿಯಿಂದ ಬಂದ ಆ್ಯಂಟಿಬಾಡಿ ಮರಿ ಮೈಯಾಗ ಇರೋತನಕ ಅದು ಲಸಿಕೆ ವೈರಸ್‌ನೂ ಹೊಡ್ದ್ ಹಾಕ್ತದ. ಅದು ಇಳಿದ್ ಮ್ಯಾಲ ತಡ ಮಾಡಿದ್ರ ಶೆಡ್‌ದಾಗಿನ ವೈರಸ್ ಮೊದ್ಲ ಬರ್ತದ. ನಡುವಿನ ಆ ಸ್ವಲ್ಪ ದಿನಾನೇ ಹಿಡೀಬೇಕು, ಅದಕ್ಕ ನಮಗ 14ನೇ ದಿನ ಬರ್ದುಕೊಟ್ರು. ಬ್ಯಾರೆ ಬ್ಯಾರೆ ಫಾರ್ಮಿನ ಮರಿ ಕಲಸಿ ಕೊಟ್ರ ತಾಯಿ ಆ್ಯಂಟಿಬಾಡಿ ಒಂದೊಂದಕ್ಕ ಒಂದೊಂದು ದಿನ ಇಳೀತದ, ಹಂಗಾಗಿ ಒಂದೇ ತಾಯಿ ಗುಂಪಿನ ಮರಿ ಕೇಳಿ ತಗೋರಿ. ಮ್ಯಾರೆಕ್ಸ್ ಲಸಿಕೆ ಹ್ಯಾಚರಿದಾಗೇ ಮೊದಲ ದಿನ ಕುತ್ತಿಗಿಗೆ ಹಾಕ್ಯಾರೋ ಇಲ್ಲೋ ಅದೂ ಕೇಳ್ರಿ, ಮ್ಯಾರೆಕ್ಸ್ ರೋಗದ್ದೂ ಮರಿ ಶಕ್ತಿ ಕುಗ್ಗಿಸೋ ವೈರಸ್ಸೇ. ಚಿಕನ್ ಅನೀಮಿಯಾ ಅಂತ ಇನ್ನೊಂದು ವೈರಸ್ ತತ್ತಿಯಿಂದಾನೇ ಮರಿಗೆ ಬರ್ತದಂತ, ಅದಕ್ಕ ತಾಯಿ ಕೋಳಿಗೇ ಲಸಿಕೆ ಆಗಿರ್ಬೇಕು.

ಸರ್ವಿಸ್ ಬಗ್ಗಿ ಹೇಳ್ಬೇಕಂದ್ರ, ಸಣ್ಣ ರೈತ ಅಂತ ಯಾರೂ ಕಡೆಗಣಿಸ್ಲಿಲ್ಲ, ಪಕ್ಕದಾಗ ಕಲೀಲಾಕ ಬಂದ ಹುಡುಗ್ರಿಗೂ ನಂಗೂ ಒಂದೇ ರೀತಿ ತಿಳಿಸಿದ್ರು, ನಾನು ಕೇಳಿದ್ದೇ ಮತ್ತ ಕೇಳಿದ್ರೂ ಬ್ಯಾಸರ ಮಾಡ್ಲಿಲ್ಲ. 5ಕ್ಕ 5 ಕೊಡ್ತೀನಿ. ನಮಗ ದೂರ ಆಗ್ತದ ಖರೆ, ಗಾಡಿ ಖರ್ಚು ಬೀಳ್ತದ, ಆದ್ರ ಒಂದು ಬ್ಯಾಚ್ ಹೋಗೋದರ ಮುಂದ ಅದೇನು ಲೆಕ್ಕ.

ಹೋಗೋರು ಬೆಳಿಗ್ಗಿ ಲಗೂನ ಹೋಗ್ರಿ. ಸತ್ತ ಕೋಳಿ ಡಬಲ್ ಪ್ಲಾಸ್ಟಿಕ್‌ದಾಗ ಹಾಕಿ ಸುತ್ತ ಐಸ್ ಇಡ್ರಿ, ಫ್ರೀಜರ್‌ದಾಗ ಗಟ್ಟಿ ಮಾಡಿ ಒಯ್ಬ್ಯಾಡ್ರಿ, ಕೊಳೆತದ್ದೂ ಬ್ಯಾಡ. ಈಗ ಹಳೆ ಹೊಟ್ಟು ಎಲ್ಲಾ ತೆಗ್ದು, ತೊಳ್ದು, ಸುಣ್ಣ ಹೊಡ್ದು ಶೆಡ್ ಖಾಲಿ ಬಿಟ್ಟು ಹೊಸ ಮರಿ ತಂದೀವಿ. 14ಕ್ಕ ಗಂಬೋರೋ ಲಸಿಕೆ ಕ್ಲೋರಿನ್ ಇಲ್ಲದ ಬಾವಿ ನೀರಾಗ ಹಾಲಿನ ಪೌಡರ್ ಕಲಸಿ ಕೊಟ್ವಿ, ಎರಡು ತಾಸಿನಾಗ ಕುಡ್ದು ಮುಗಿಸಿದ್ವು. ಇವತ್ತಿಗೆ 33 ದಿನ. ಬರೋ ಸೋಮವಾರ ಎರಡು ಒಯ್ದು ಬರ್ಸಾ ತೋರ್ಸಿ ಬರ್ತೀನಿ.