ಪಿ.ಆರ್. ಅರ್ಜಿಗಾಗಿ ಮಗುವನ್ನು ಮುಂದೂಡಿ, ಹುಟ್ಟಿದ ಮೇಲೆ ಮುಚ್ಚಿಡಿ ಎನ್ನುವವರನ್ನು ನಂಬಬೇಡಿ

ಕೆನಡಾದ ಪಿ.ಆರ್.ಗೆ (ಕಾಯಂ ನಿವಾಸಕ್ಕೆ) ಅರ್ಜಿ ಹಾಕಿ, ಅದೇ ಹೊತ್ತಿನಲ್ಲಿ ಮಗುವಿನ ಯೋಚನೆಯನ್ನೂ ಮಾಡುತ್ತಿರುವ ದಂಪತಿಗಳು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಮ್ಮ ಕನ್ಸಲ್ಟೆಂಟ್ ಹೇಳಿದಂತೆ ಕೊನೆಯವರೆಗೂ ನಡೆದಿದ್ದರೆ ಇಷ್ಟು ಹೊತ್ತಿಗೆ ನಾನೂ ನನ್ನ ಗಂಡನೂ ಅಲ್ಲಿನ ಕಾಯಂ ನಿವಾಸಿಗಳಾಗಿರುತ್ತಿದ್ದೆವು, ನಮ್ಮ ಮಗಳು ಮಾತ್ರ ತಂದೆತಾಯಿಯನ್ನು ಸೇರಿಕೊಳ್ಳುವ ಹಕ್ಕನ್ನೇ ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಉಳಿದಿರುತ್ತಿದ್ದಳು. ಹೆದರಿಸಲು ಹೀಗೆ ಬರೆಯುತ್ತಿಲ್ಲ. ಅಲ್ಲಿನ ವಲಸೆ ನಿಯಮಾವಳಿಯಲ್ಲೇ ಅದು ಇದೆ, ಎಲ್ಲಿದೆ ಎಂಬುದನ್ನೂ ಮುಂದೆ ಹೇಳುತ್ತೇನೆ.

ಮೊದಲ ಭೇಟಿಯಲ್ಲೇ ಕನ್ಸಲ್ಟೆಂಟ್ ಕೇಳಿದ್ದು ಮಕ್ಕಳಿದ್ದಾರೆಯೇ ಎಂದು. ಇಲ್ಲ ಎಂದೆವು. "ಒಳ್ಳೆಯದಾಯಿತು ಮೇಡಂ. ಪಿ.ಆರ್. ಕೈಗೆ ಬರುವ ತನಕ ಆ ಯೋಚನೆಯೇ ಬೇಡ. ಮಗು ಸೇರಿದರೆ ಸ್ಕೋರ್ ಬಿದ್ದುಹೋಗುತ್ತದೆ" ಎಂದರು. ಎಷ್ಟು ಸಹಜವಾಗಿ ಹೇಳಿದರೆಂದರೆ, ಅದನ್ನು ಪ್ರಶ್ನಿಸಬೇಕು ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಪಿ.ಆರ್. ಅರ್ಜಿ ವ್ಯವಸ್ಥೆಯಲ್ಲಿ ಅರ್ಜಿದಾರರಿಗೆ ಅಂಕ ಕೊಡುವ ಸಿ.ಆರ್.ಎಸ್. ಲೆಕ್ಕದಲ್ಲಿ ಒಟ್ಟು 1200 ಅಂಕಗಳಿವೆ. ವಯಸ್ಸಿಗೆ, ಓದಿಗೆ, ಭಾಷಾ ಪರೀಕ್ಷೆಗೆ, ಕೆಲಸದ ಅನುಭವಕ್ಕೆ ಮುಂತಾಗಿ ಅವು ಹಂಚಿಹೋಗುತ್ತವೆ. ಮಗು ಇದೆ ಎಂಬ ಕಾರಣಕ್ಕೆ ಒಂದೇ ಒಂದು ಅಂಕ ಕಳೆಯುವ ಕಲಂ ಅದರಲ್ಲಿ ಎಲ್ಲೂ ಇಲ್ಲ. ಕಳೆಯುವುದು ವಯಸ್ಸು. ಸಂಗಾತಿಯ ಜೊತೆ ಅರ್ಜಿ ಹಾಕುವವರಿಗೆ 29 ವರ್ಷದವರೆಗೆ ವಯಸ್ಸಿನ ಬಾಬತ್ತಿಗೆ 100 ಅಂಕ, 30ಕ್ಕೆ 95, ಆಮೇಲೆ ವರ್ಷಕ್ಕೆ ಐದೈದು ಇಳಿಯುತ್ತ 35ಕ್ಕೆ 70. ಪ್ರಧಾನ ಅರ್ಜಿದಾರಳು ನಾನು. ಸ್ಕೋರ್ ಉಳಿಸಲೆಂದು ಮಗುವನ್ನು ಮುಂದೂಡಿ, ಆಹ್ವಾನಕ್ಕೆ ಕಾಯುವವರ ಪಟ್ಟಿಯಾದ ಪೂಲ್‌ನಲ್ಲಿ ಕಾಯುತ್ತ ಕುಳಿತಾಗ ನನ್ನ ಹುಟ್ಟುಹಬ್ಬ ಬಂತು, ಸ್ಕೋರ್ ಇಳಿಯಿತು. 12 ತಿಂಗಳಾದ ಮೇಲೆ ಪ್ರೊಫೈಲಿನ ಅವಧಿ ಮುಗಿಯಿತು, ಹೊಸದನ್ನು ತೆರೆಯಲು ಮತ್ತೆ ದುಡ್ಡು ಕೇಳಿದರು. ಪ್ರೊಫೈಲ್ ತೆರೆಯಲು ಕೆನಡಾ ಸರ್ಕಾರ ಯಾವ ಶುಲ್ಕವನ್ನೂ ತೆಗೆದುಕೊಳ್ಳುವುದಿಲ್ಲ.

ಮಗು ಸೇರಿದರೆ ನಿಜವಾಗಿ ಬದಲಾಗುವುದು ಹಣದ ಲೆಕ್ಕ. ಅಲ್ಲಿ ಕೆಲಸವಿಲ್ಲದೆ ಹೊರಗಿನಿಂದ ಅರ್ಜಿ ಹಾಕುವವರು ಖಾತೆಯಲ್ಲಿ ತೋರಿಸಬೇಕಾದ ಮೊತ್ತ ಕುಟುಂಬದ ತಲೆಗಳ ಮೇಲೆ ನಿಲ್ಲುತ್ತದೆ. 2024ರ ಪಟ್ಟಿಯಲ್ಲಿ ಇಬ್ಬರಿಗೆ 18,288 ಕೆನಡಿಯನ್ ಡಾಲರ್, ಮೂವರಿಗೆ 22,483. ಅದರ ಜೊತೆಗೆ, 2024ರ ಏಪ್ರಿಲ್ ಕೊನೆಯಿಂದ ಜಾರಿಗೆ ಬಂದ ದರದಂತೆ ಮಗುವಿನ ಅರ್ಜಿ ಶುಲ್ಕ 260 ಡಾಲರ್ ಇತ್ತು. ನಾವು ಮೊದಲೇ ಜೋಡಿಸಿಟ್ಟುಕೊಳ್ಳಬೇಕಾಗಿದ್ದದ್ದು ಇಷ್ಟೇ, ಅವರು ಒಮ್ಮೆಯೂ ಬಾಯಿಬಿಡದೆ ಇದ್ದದ್ದೂ ಇದನ್ನೇ.

ಅಂತೂ ಐ.ಟಿ.ಎ., ಎಂದರೆ ಅರ್ಜಿ ಹಾಕಲು ಆಹ್ವಾನ ಬಂತು, 60 ದಿನದೊಳಗೆ ಅರ್ಜಿ ಸಲ್ಲಿಕೆಯಾಯಿತು, ಮೆಡಿಕಲ್‌ಗೆ ಕರೆ ಬಂತು. ಹಿಂದಿನ ದಿನ ಕನ್ಸಲ್ಟೆಂಟ್ ಫೋನ್ ಮಾಡಿ, "ಬಸುರಿಯೇ ಎಂದು ಕೇಳುತ್ತಾರೆ, ಏನಿದ್ದರೂ ಇಲ್ಲ ಎಂದುಬಿಡಿ" ಎಂದರು. ನಾನಾಗ ಗರ್ಭಿಣಿಯಾಗಿರಲಿಲ್ಲ, ಆದ್ದರಿಂದ ಆ ಮಾತು ಹಾಗೇ ಹಾದುಹೋಯಿತು. ವಲಸೆ ಇಲಾಖೆ ಗೊತ್ತುಮಾಡಿದ ಪ್ಯಾನೆಲ್ ವೈದ್ಯರು ಅದನ್ನು ಕೇಳುವುದು 11 ವರ್ಷ ತುಂಬಿದ ಎಲ್ಲರಿಗೂ ಎದೆಯ ಎಕ್ಸ್-ರೇ ಇರುವುದರಿಂದ. ಗರ್ಭಿಣಿಯಾದವರು ಹೆರಿಗೆಯ ತನಕ ಎಕ್ಸ್-ರೇ ಮುಂದೂಡಿಸಿಕೊಳ್ಳಬಹುದು, ಆಗ ಫೈಲ್ ಕಾಯುತ್ತದೆಯೇ ಹೊರತು ತಿರಸ್ಕೃತವಾಗುವುದಿಲ್ಲ. ಈ ಮನುಷ್ಯ ತಮ್ಮ ಫೈಲ್ ಬೇಗ ಮುಗಿಯಲೆಂದು, ಗರ್ಭಿಣಿಯಾಗಿದ್ದರೂ ಸುಳ್ಳು ಹೇಳಿ ಎಕ್ಸ್-ರೇ ಯಂತ್ರದ ಮುಂದೆ ನಿಲ್ಲಿ ಎನ್ನುತ್ತಿದ್ದರು ಎಂಬುದು ಈಗ ನೆನಪಾದರೆ ಮೈ ಉರಿಯುತ್ತದೆ. ಎಷ್ಟು ಹೆಂಗಸರಿಗೆ ಹೀಗೆ ಹೇಳಿದ್ದಾರೋ!

ಮೆಡಿಕಲ್ ಆದ ಸ್ವಲ್ಪ ದಿನಕ್ಕೇ ನಾನು ಗರ್ಭಿಣಿಯಾದೆ. ತಿಳಿಸಿದಾಗ ಬಂದ ಮೊದಲ ಮಾತು, "ಯಾಕೆ ಮೇಡಂ ಹೀಗೆ ಮಾಡಿಕೊಂಡಿರಿ?" ಎರಡನೆಯದು, "ಇದು ನಮ್ಮ ನಡುವೆಯೇ ಇರಲಿ, ಐ.ಆರ್.ಸಿ.ಸಿ.ಗೆ (ಕೆನಡಾದ ವಲಸೆ ಇಲಾಖೆಗೆ) ಗೊತ್ತಾದರೆ ಫೈಲ್ ಮೊದಲಿನಿಂದ ಶುರುವಾಗುತ್ತದೆ." ಆರು ತಿಂಗಳ ಪ್ರಕ್ರಿಯೆ ಎಂದು ಇಲಾಖೆ ಹೇಳಿಕೊಂಡಿದ್ದರೂ ನಮ್ಮದು ಎಳೆಯುತ್ತಲೇ ಹೋಯಿತು, ಹೆರಿಗೆಯೂ ಆಯಿತು, ಅದಾದ ಮೇಲೆ ಪಾಸ್‌ಪೋರ್ಟ್ ಕಳಿಸಿ ಎಂಬ ಪತ್ರ ಬಂತು. ಆಗ ಅವರು ಹೊರತೆಗೆದ ಉಪಾಯ ಇದು: ಮಗುವನ್ನು ಅಜ್ಜಿಯ ಬಳಿ ಬಿಟ್ಟು ನಾವಿಬ್ಬರೇ ಹೋಗಿ ಲ್ಯಾಂಡಿಂಗ್ (ಕೆನಡಾಕ್ಕೆ ಬಂದಿಳಿದು ಪಿ.ಆರ್. ಪಡೆಯುವುದು) ಮುಗಿಸಬೇಕು, ಗಡಿಯಲ್ಲಿ ಮಕ್ಕಳ ಬಗ್ಗೆ ಕೇಳಿದರೆ ಇಲ್ಲ ಎನ್ನಬೇಕು, ವಾಪಸ್ ಬಂದು ಇಲ್ಲಿಂದಲೇ ಮಗುವಿಗೆ ಸ್ಪಾನ್ಸರ್ ಮಾಡಬೇಕು. "ಮೂರೇ ತಿಂಗಳ ಕೆಲಸ, ಬೇಬಿ ಪ್ಯಾಕೇಜ್ ಬೇರೆ ಇದೆ, ನಿಮಗೆ ಕಡಿಮೆ ಮಾಡಿಕೊಡುತ್ತೇನೆ." ಹಾಲು ಕುಡಿಯುವ ಕೂಸಿಗೆ ಪ್ಯಾಕೇಜ್!

ಇದನ್ನೇ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿ ಎಂದು ಕೇಳಿದೆ. ಬಂದದ್ದು ವಾಯ್ಸ್ ಮೆಸೇಜ್. ಮತ್ತೆ ಕೇಳಿದೆ, ಮತ್ತೆ ವಾಯ್ಸ್ ಮೆಸೇಜ್, ಈ ಸಲ ನಗುತ್ತ: "ಮೇಡಂ, ಇಂಥದ್ದನ್ನೆಲ್ಲ ಬರೆದುಕೊಡುವ ಪದ್ಧತಿ ಯಾವ ಕನ್ಸಲ್ಟೆಂಟ್ ಹತ್ತಿರವೂ ಇಲ್ಲ." ನಮ್ಮ ಅರ್ಜಿಯ ಖಾತೆಯನ್ನು ಅವರೇ ತೆರೆದಿದ್ದರು, ಅದಕ್ಕೆ ಬಳಸಿದ ಇಮೇಲ್ ಕೂಡ ಅವರೇ ಮಾಡಿದ್ದು, ಪಾಸ್‌ವರ್ಡ್ ಕೇಳಿದಾಗಲೆಲ್ಲ ಭದ್ರತೆಯ ಕಾರಣ ಹೇಳುತ್ತಿದ್ದರು. ಪಾಸ್‌ವರ್ಡ್ ಕೊಡದಿದ್ದರೆ ಪಾಸ್‌ಪೋರ್ಟ್ ಕೊಡುವುದಿಲ್ಲ ಎಂದು ನನ್ನ ಗಂಡ ಅವರ ಕಚೇರಿಯಲ್ಲಿ ಕುಳಿತು ಹಟ ಹಿಡಿದ ಮೇಲೆ ಅದು ಸಿಕ್ಕಿತು.

ಆ ರಾತ್ರಿ ಮಗಳನ್ನು ಮಲಗಿಸಿ ಖಾತೆಯನ್ನು ತೆರೆದೆ. ಪ್ರತಿನಿಧಿಯೊಬ್ಬರು ನಿಮ್ಮ ಪರವಾಗಿ ಅರ್ಜಿಯನ್ನು ನೋಡಿಕೊಳ್ಳುತ್ತಿದ್ದಾರೆಯೇ ಎಂಬ ಪ್ರಶ್ನೆಯ ಎದುರು "ಇಲ್ಲ" ಎಂದಿತ್ತು. ಕಣ್ಣು ತಪ್ಪಿರಬೇಕೆಂದು ಮತ್ತೆ ಓದಿದೆ. ಇಲ್ಲ ಎಂದೇ ಇತ್ತು. ಹಣ ತೆಗೆದುಕೊಂಡು ಕೆಲಸ ಮಾಡುವ ಪ್ರತಿನಿಧಿಯ ಹೆಸರನ್ನು ತಿಳಿಸುವ ಐ.ಎಂ.ಎಂ. 5476 ಎಂಬ ಫಾರ್ಮ್ ಎಲ್ಲೂ ಇರಲಿಲ್ಲ. ಎಂದರೆ ಕೆನಡಾ ಸರ್ಕಾರದ ಲೆಕ್ಕದಲ್ಲಿ ಈ ಮನುಷ್ಯ ಇಲ್ಲವೇ ಇಲ್ಲ. ಅರ್ಜಿಯನ್ನು ತುಂಬಿದವಳು ನಾನು, ಸಹಿ ನನ್ನದು, ಮಗುವನ್ನು ಮುಚ್ಚಿಟ್ಟಿದ್ದರೆ ಮುಚ್ಚಿಟ್ಟವಳೂ ನಾನೇ. ಪಾಸ್‌ಪೋರ್ಟ್ ಕೇಳಿ ಬಂದ ಪತ್ರವೂ ಅಲ್ಲಿತ್ತು. ನಮಗೆ ಅವರು ಕಳಿಸಿದ್ದು ಅದರ ಮೊದಲ ಪುಟ. ಕುಟುಂಬದಲ್ಲಿ ಏನಾದರೂ ಬದಲಾವಣೆಯಾಗಿದ್ದರೆ ಪ್ರಯಾಣಕ್ಕೆ ಮೊದಲು ತಿಳಿಸಬೇಕು ಎಂಬ ಸೂಚನೆ ಇದ್ದದ್ದು ಮುಂದಿನ ಪುಟದಲ್ಲಿ. ಆ ಪುಟವನ್ನು ಬೇಕೆಂದೇ ಬಿಟ್ಟು ಕಳಿಸಿದ್ದರು, ಬೇಕೆಂದೇ. ನಾನು ಕಚೇರಿಯಲ್ಲಿ ಬೇರೆಯವರ ಒಪ್ಪಂದಗಳನ್ನು ಸಾಲು ಸಾಲಾಗಿ ಓದಿ ತಪ್ಪು ಹಿಡಿಯುವ ಕೆಲಸದವಳು. ಇದನ್ನು ಮನೆಯವರ ಮುಂದೆ ಹೇಳುವಾಗ ತಲೆ ಎತ್ತಲಾಗಲಿಲ್ಲ.

ಮರುದಿನ ಪರವಾನಗಿ ಇರುವ ಬೇರೊಬ್ಬರನ್ನು ಸಂಪರ್ಕಿಸಿದೆವು. ಅವರು ಮೊದಲು ಕೇಳಿದ್ದು, "ಇನ್ನೂ ಲ್ಯಾಂಡ್ ಆಗಿಲ್ಲ ತಾನೆ?" ವಲಸೆ ನಿಯಮಾವಳಿಯ 117ನೆಯ ನಿಯಮದ ಒಂಬತ್ತನೆಯ ಉಪನಿಯಮದಲ್ಲಿ (ಡಿ) ಎಂಬ ಖಂಡವಿದೆ. ನೀವು ಪಿ.ಆರ್. ಪಡೆಯುವ ಹೊತ್ತಿಗೆ ನಿಮಗಿದ್ದ ಮಗುವನ್ನು ತೋರಿಸದೆ, ಅದರ ಪರೀಕ್ಷೆಯಾಗದೆ ನೀವು ಲ್ಯಾಂಡ್ ಆದರೆ, ಆ ಮಗು ಮುಂದೆ ಕುಟುಂಬ ವರ್ಗದಲ್ಲಿ ನಿಮ್ಮ ಮಗುವಾಗಿ ಬರಲು ಸಾಧ್ಯವಿಲ್ಲ. ಹೆತ್ತವಳು ನೀವೇ ಆದರೂ ಅಷ್ಟೇ. ಜೊತೆಗೆ ಕರೆದೊಯ್ಯದ ಮಗುವನ್ನೂ ತೋರಿಸಲೇಬೇಕು. ಗಡಿಯಲ್ಲಿ ಮಕ್ಕಳಿಲ್ಲ ಎಂದು ಹೇಳಿದ್ದರೆ ವಲಸೆ ಕಾಯ್ದೆಯ 40ನೆಯ ಸೆಕ್ಷನ್ ಪ್ರಕಾರ ಅದು ತಪ್ಪು ನಿರೂಪಣೆ, ಅದಕ್ಕೆ ಐದು ವರ್ಷ ಪ್ರವೇಶ ನಿಷೇಧವಿದೆ, ಪಿ.ಆರ್. ಕೂಡ ಕೈತಪ್ಪುತ್ತದೆ. ಇನ್ನು, ವಾಪಸ್ ಬಂದು ಇಲ್ಲಿಂದಲೇ ಸ್ಪಾನ್ಸರ್ ಮಾಡುವ ಮಾತು ಶುದ್ಧ ಬುರುಡೆ. ಹೊರದೇಶದಲ್ಲಿ ಕುಳಿತು ಮಗುವಿಗೆ ಸ್ಪಾನ್ಸರ್ ಮಾಡುವ ಅವಕಾಶ ಇರುವುದು ಕೆನಡಾದ ನಾಗರಿಕರಿಗೆ, ಪಿ.ಆರ್. ಇರುವವರು ಕೆನಡಾದಲ್ಲೇ ವಾಸವಿರಬೇಕು. ಎಂದರೆ ನಾನು ಅಲ್ಲಿ, ಕೂಸು ಇಲ್ಲಿ.

ಇಷ್ಟನ್ನೂ ಬರೆದು ನಮ್ಮ ಹಳೆಯ ಕನ್ಸಲ್ಟೆಂಟ್‌ಗೆ ಕಳಿಸಿದೆ. ಉತ್ತರಗಳನ್ನು ನೋಡಿ. "ಎಲ್ಲರೂ ಹೀಗೆಯೇ ಮಾಡುತ್ತಾರೆ ಮೇಡಂ, ನೀವೊಬ್ಬರೇ ರೂಲ್ ಮಾತಾಡುವುದು." ಆಮೇಲೆ, "2019ರಲ್ಲೇ ಆ ರೂಲ್ ಸಡಿಲವಾಗಿದೆ." 2019ರ ಸೆಪ್ಟೆಂಬರ್‌ನಿಂದ ಒಂದು ತಾತ್ಕಾಲಿಕ ನೀತಿ ಇರುವುದು ನಿಜ. ತೋರಿಸದೆ ಬಿಟ್ಟ ಕುಟುಂಬದವರಲ್ಲಿ ಕೆಲವರಿಗೆ ಅದರಿಂದ ದಾರಿಯಾಗಿದೆ, ಆಗಾಗ ಅದರ ಅವಧಿಯನ್ನು ವಿಸ್ತರಿಸುತ್ತ ಬಂದಿದ್ದಾರೆ. ಆದರೆ ಸರ್ಕಾರ ಯಾವತ್ತು ಬೇಕಾದರೂ ನಿಲ್ಲಿಸಬಹುದಾದ ಒಂದು ವಿನಾಯಿತಿಯ ಮೇಲೆ ನನ್ನ ಮಗುವನ್ನು ಪಣಕ್ಕಿಡಿ ಎಂದು ಹೇಳಲು ಇವರು ಯಾರು? ಅದಾದ ಮೇಲೆ ನನ್ನ ಗಂಡನಿಗೆ ಪ್ರತ್ಯೇಕವಾಗಿ ಫೋನ್: "ಸಾರ್, ಬಾಣಂತಿಯರಿಗೆ ಈ ಸಮಯದಲ್ಲಿ ಸ್ವಲ್ಪ ಗಾಬರಿ ಜಾಸ್ತಿ, ನೀವು ಸಮಾಧಾನ ಹೇಳಿ." ಈ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ದುಡ್ಡು ವಾಪಸ್ ಕೇಳಿದಾಗ ಬಂದದ್ದು ಒಂದೇ ಸಾಲು, ಅದೂ ಬರಹದಲ್ಲಿ: "ಒಪ್ಪಂದ ಇಬ್ಬರ ಫೈಲಿಗೆ ಆಗಿದ್ದು, ಮಗು ನಿಮ್ಮ ಸ್ವಂತ ನಿರ್ಧಾರ." ಬರೆದುಕೊಡುವ ಪದ್ಧತಿ ಅವರಲ್ಲೂ ಇದೆ ಎಂದು ಆಗ ತಿಳಿಯಿತು.

ನಾವು ಮಾಡಿದ್ದು ಇಷ್ಟು. ಐ.ಆರ್.ಸಿ.ಸಿ.ಯ ವೆಬ್‌ಫಾರ್ಮ್ ಮೂಲಕ ಮಗು ಹುಟ್ಟಿದ ವಿಷಯವನ್ನು ಜನನ ಪ್ರಮಾಣಪತ್ರದ ಸಮೇತ ತಿಳಿಸಿದೆವು, ಮಗುವಿನ ಪಾಸ್‌ಪೋರ್ಟ್ ಮಾಡಿಸಿದೆವು, ಅವರು ಕೇಳಿದ ಫಾರ್ಮ್‌ಗಳನ್ನೂ ಶುಲ್ಕವನ್ನೂ ಮೂವರ ಲೆಕ್ಕದ ಬ್ಯಾಂಕ್ ಪತ್ರವನ್ನೂ ಕೊಟ್ಟೆವು. ಮಗುವಿನ ಮೆಡಿಕಲ್‌ನಲ್ಲಿ ಎಕ್ಸ್-ರೇ ಇರಲಿಲ್ಲ, ಆ ವಯಸ್ಸಿಗೆ ಬಯೋಮೆಟ್ರಿಕ್ಸೂ ಬೇಕಿಲ್ಲ. ಫೈಲ್ ಮೊದಲಿನಿಂದ ಶುರುವಾಗಲೇ ಇಲ್ಲ. ಮಗುವಿನ ಕಾಗದ ಪತ್ರಗಳು ಸೇರುವ ತನಕ ನಿಂತಿತ್ತು, ಸೇರಿದ ಮೇಲೆ ಮುಂದೆ ಹೋಯಿತು. ನಡುವೆ ನಮ್ಮ ಮೆಡಿಕಲ್‌ನ 12 ತಿಂಗಳ ಅವಧಿ ಮುಗಿಯಿತು, ಅದನ್ನು ಮತ್ತೆ ಮಾಡಿಸಬೇಕಾಯಿತು. ಹೆರಿಗೆಯಾದ ವಾರದಲ್ಲೇ ತಿಳಿಸಿದ್ದರೆ ಆ ಖರ್ಚೂ ಇರುತ್ತಿರಲಿಲ್ಲ. ಈಗ ಮೂವರಿಗೂ ವೀಸಾ ಬಂದಿದೆ.

ಹೆರಿಗೆಯನ್ನು ಅಲ್ಲೇ ಮಾಡಿಸಿಕೊಳ್ಳೋಣ ಎಂದು ಯೋಚಿಸುವವರಿಗೆ ಇಂಥ ಕನ್ಸಲ್ಟೆಂಟ್‌ಗಳು ಹೇಳುವ ಇನ್ನೊಂದು ಸುಳ್ಳಿದೆ. "ಹೋದ ತಕ್ಷಣ ವರ್ಷಪೂರ್ತಿ ಸಂಬಳದ ರಜೆ, ಆಸ್ಪತ್ರೆ ಫ್ರೀ" ಎಂದು ನನಗೂ ಹೇಳಿದ್ದರು. ಅಲ್ಲಿ ಹುಟ್ಟಿದ ಮಗು ಕೆನಡಾದ ನಾಗರಿಕ ಎಂಬುದು ಸರಿ. ಆದರೆ ಹೆರಿಗೆ ಭತ್ಯೆ ಬರುವುದು ಉದ್ಯೋಗ ವಿಮೆಯಿಂದ, ಅದಕ್ಕೆ ಹಿಂದಿನ 52 ವಾರಗಳಲ್ಲಿ 600 ಗಂಟೆ ವಿಮೆಯಿರುವ ಕೆಲಸ ಮಾಡಿರಬೇಕು, ಬರುವುದೂ ಸಂಬಳದ ಶೇಕಡಾ 55, ಅದಕ್ಕೂ ಮೇಲ್ಮಿತಿ ಇದೆ. ಏಳು ತಿಂಗಳ ಬಸುರಿಯಾಗಿ ಇಳಿದವರಿಗೆ 600 ಗಂಟೆ ಎಲ್ಲಿಂದ ಬರಬೇಕು? ಆರೋಗ್ಯ ವಿಮೆ ಪ್ರಾಂತ್ಯಗಳ ಕೈಯಲ್ಲಿದೆ. ಒಂಟಾರಿಯೊ 2020ರಲ್ಲಿ ಮೂರು ತಿಂಗಳ ಕಾಯುವಿಕೆಯನ್ನು ತೆಗೆದಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದಿಳಿದ ತಿಂಗಳ ಉಳಿದ ದಿನಗಳ ಜೊತೆಗೆ ಇನ್ನೆರಡು ತಿಂಗಳು ಕಾಯಬೇಕು. ಆ ಅವಧಿಯಲ್ಲಿ ಹೆರಿಗೆಯಾದರೆ ಬಿಲ್ ನಿಮ್ಮದೇ.

ಹೇಳುವುದು ಇಷ್ಟು. ಖಾತೆಯ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಕನ್ಸಲ್ಟೆಂಟರ ಹೆಸರು 2021ರ ನವೆಂಬರ್‌ನಲ್ಲಿ ಕೆಲಸ ಆರಂಭಿಸಿದ ವಲಸೆ ಸಲಹೆಗಾರರ ಕಾಲೇಜಿನ (ಅವರಿಗೆ ಪರವಾನಗಿ ಕೊಡುವ ಕೆನಡಾದ ಸಂಸ್ಥೆಯ) ಸಾರ್ವಜನಿಕ ಪಟ್ಟಿಯಲ್ಲಿ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ನೋಡಿ, 5476 ಫಾರ್ಮ್‌ನಲ್ಲಿ ಅವರ ಸಹಿ ಇಲ್ಲದಿದ್ದರೆ ಎದ್ದು ಬನ್ನಿ. ಮಗು ಯಾವಾಗ ಬೇಕು ಎಂಬುದನ್ನು ನಿಮ್ಮ ವೈದ್ಯರ ಜೊತೆ ಮಾತಾಡಿ, ಫೈಲ್ ಮಾಡುವವನ ಜೊತೆ ಬೇಡ. ನಮ್ಮವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ, ಆದ್ದರಿಂದ ಪರವಾನಗಿ ರದ್ದು ಮಾಡಿಸೋಣವೆಂದರೆ ರದ್ದಾಗಲು ಪರವಾನಗಿಯೇ ಇಲ್ಲ. ವೀಸಾ ಬಂದ ಸುದ್ದಿ ಯಾರಿಂದಲೋ ತಿಳಿದು, ಒಪ್ಪಂದದ ಕೊನೆಯ ಕಂತು ಬಾಕಿ ಇದೆ ಎಂದು ಈಗ ದಿನಕ್ಕೊಂದು ಮೆಸೇಜ್ ಕಳಿಸುತ್ತಿದ್ದಾರೆ.