ಅಮೆರಿಕಾದ ಟ್ಯಾಕ್ಸ್ ಮಾಡಿಸಿಕೊಡುತ್ತೇನೆ ಅಂದವರ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ದಯವಿಟ್ಟು ಓದಿ. ಮನೆಯ ಮಗನೋ ಅಳಿಯನೋ ಅಮೆರಿಕಾದಲ್ಲಿದ್ದಾನೆ, ಹೊಸದಾಗಿ ಮದುವೆಯಾಗಿದೆ, ಹೆಂಡತಿ ಇನ್ನೂ ಇಲ್ಲೇ ವೀಸಾ ಕಾಯುತ್ತಿದ್ದಾಳೆ ಅಂತಾದರೆ ಖಂಡಿತ ಓದಿ. ನನಗೆ ಆಗಿದ್ದು ಇನ್ನೊಬ್ಬ ಹುಡುಗಿಗೆ ಆಗಬಾರದು.

ನಮ್ಮ ಮದುವೆ 2024ರ ಮೇ ತಿಂಗಳಲ್ಲಿ ಆಯಿತು. ನನ್ನವರು ಟೆಕ್ಸಾಸ್‌ನಲ್ಲಿ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಾರೆ. ರಜೆ ಮುಗಿಸಿ ವಾಪಸ್ ಹೋದರು. ನಾನು ಎಚ್-4, ಅಂದರೆ ಎಚ್-1ಬಿಯವರ ಹೆಂಡತಿಗೆ ಕೊಡುವ ವೀಸಾದ ಇಂಟರ್‌ವ್ಯೂ ಸ್ಲಾಟ್ ಕಾಯುತ್ತಾ ಊರಲ್ಲೇ ಉಳಿದೆ. ಡಿಸೆಂಬರ್ 31ರ ಹೊತ್ತಿಗೆ ಮದುವೆಯಾಗಿದ್ದರೆ ಅಮೆರಿಕಾದ ಲೆಕ್ಕದಲ್ಲಿ ಇಡೀ ವರ್ಷಕ್ಕೆ ಮದುವೆಯಾದವರೇ. ಹಾಗಾಗಿ ಅವರು ಮೊದಲಿನ ಹಾಗೆ ಸಿಂಗಲ್ ಅಂತ ಟ್ಯಾಕ್ಸ್ ರಿಟರ್ನ್ ಹಾಕುವಂತಿರಲಿಲ್ಲ. ಇಬ್ಬರೂ ಸೇರಿ ಜಂಟಿಯಾಗಿ ಹಾಕಬೇಕು, ಇಲ್ಲವಾದರೆ ಮದುವೆಯಾದವರು ಬೇರೆ ಬೇರೆ ಅಂತ ಹಾಕಬೇಕು. ಜಂಟಿಯಾದರೆ 2024ರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಟ್ಯಾಕ್ಸ್ ಹಾಕದೆ ಬಿಡುವ ಮೊತ್ತ, 29,200 ಡಾಲರ್. ಬೇರೆ ಹಾಕಿದರೆ 14,600. ಹೊಸ ಸಂಸಾರಕ್ಕೆ ಇದು ಸಣ್ಣ ವ್ಯತ್ಯಾಸ ಅಲ್ಲ ಅಲ್ವಾ? ಆದರೆ ಜಂಟಿ ಹಾಕಲು ನನಗೂ ಒಂದು ನಂಬರ್ ಬೇಕು. ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಐಟಿನ್ ಅಂತ ಟ್ಯಾಕ್ಸ್‌ಗೆ ಮಾತ್ರ ಬಳಸುವ ನಂಬರ್ ಕೊಡುತ್ತಾರೆ, 9ರಿಂದ ಶುರುವಾಗುತ್ತದೆ. ಅದಕ್ಕೆ ಡಬ್ಲ್ಯೂ-7 ಫಾರ್ಮ್ ತುಂಬಬೇಕು.

ಇದೆಲ್ಲ ನನಗೆ ಈಗ ಬಾಯಿಪಾಠ ಆಗಿದೆ. ಆಗ ನಮಗೆ ಹೇಳಿದವರು ಒಬ್ಬರೇ, ಶಿರಸಿಯಲ್ಲಿ ಆಫೀಸು ಇಟ್ಟುಕೊಂಡಿರುವ ಒಬ್ಬರು. ಹೆಸರು ಹಾಕುವುದಿಲ್ಲ. ದೊಡ್ಡಮ್ಮನ ಮನೆ ಕಡೆಯಿಂದ ಪರಿಚಯ. "ನಮ್ಮ ಕಡೆ ಅಮೆರಿಕಾದಲ್ಲಿರೋ ಮಕ್ಕಳ ಕೆಲಸ ಎಲ್ಲ ನಾನೇ ಮಾಡೋದು" ಅಂದರು. ನಾನೂ ಅಪ್ಪನೂ ಹೋಗಿದ್ದೆವು. ಕೊನೆಕೊಯ್ಲಿನ ಗಡಿಬಿಡಿ ಆಗಷ್ಟೇ ಮುಗಿದಿತ್ತು. ಕೂರಿಸಿ ಚಹಾ ಕೊಟ್ಟರು. "ತಂಗೀ, ನೀನು ಎಂತಕ್ಕೂ ತಲೆಬಿಸಿ ಮಾಡ್ಕೋಬೇಡ" ಅಂದರು. ಆಮೇಲೆ ಅಪ್ಪನ ಕಡೆ ತಿರುಗಿ ಒಂದು ಮಾತು ಹೇಳಿದರು: "ಜಂಟಿ ರಿಟರ್ನ್ ಇಲ್ಲದಿದ್ರೆ ಕಾನ್ಸುಲೇಟ್‌ನಲ್ಲಿ ಈ ಮದುವೆನೇ ಸುಳ್ಳು ಅಂತಾರೆ. ಹುಡುಗಿ ವೀಸಾ ಹೋಯ್ತು ಅಂತ ತಿಳ್ಕೊಳ್ಳಿ."

ಇದು ಶುದ್ಧ ಸುಳ್ಳು. ಎಚ್-4 ವೀಸಾಕ್ಕೆ ಜಂಟಿ ಟ್ಯಾಕ್ಸ್ ರಿಟರ್ನ್ ಕಡ್ಡಾಯ ಅಲ್ಲವೇ ಅಲ್ಲ. ಆದರೆ ಮದುವೆಯಾಗಿ ಗಂಡನಿಂದ ದೂರ ಕೂತಿರುವ ಹುಡುಗಿಗೆ ವೀಸಾ ಹೋಗುತ್ತದೆ ಅಂದರೆ ಹೇಗಾಗುತ್ತದೆ ಯೋಚಿಸಿ. ಅಪ್ಪನ ಮುಖ ಬಾಡಿಹೋಯಿತು. ಅಲ್ಲಿಂದ ಮುಂದೆ ಅವರು ಕೇಳಿದ್ದನ್ನೆಲ್ಲ ಕೊಟ್ಟೆವು. ನನ್ನ ಒರಿಜಿನಲ್ ಪಾಸ್‌ಪೋರ್ಟ್ ಕೊಟ್ಟೆವು. ಮದುವೆ ಸರ್ಟಿಫಿಕೇಟಿಗೆ ಅಪೋಸ್ಟಿಲ್ (ಹೊರದೇಶದಲ್ಲಿ ತೋರಿಸಲು ಸರ್ಕಾರದ ದೃಢೀಕರಣ) ಮಾಡಿಸಬೇಕು ಅಂತ ದುಡ್ಡು. ಐಟಿನ್‌ಗೆ "ಅಮೆರಿಕಾ ಸರ್ಕಾರದ ಫೀ" ಅಂತ ದುಡ್ಡು. ಸ್ಟೇಟ್ ರಿಟರ್ನ್ ಅಂತ ಬೇರೆ ದುಡ್ಡು. ಮೇಲಿಂದ ರಿಫಂಡ್ ಬಂದಿದ್ದರಲ್ಲಿ ನೂರಕ್ಕೆ ಹದಿನೈದು ಅವರಿಗೆ.

ಅಷ್ಟಕ್ಕೂ ಬಿಡಲಿಲ್ಲ. "ಅಳಿಯನ ಅಪ್ಪ ಅಮ್ಮನ್ನೂ ಅವಲಂಬಿತರು ಅಂತ ಸೇರಿಸುವಾ, ರಿಫಂಡ್ ಇನ್ನೂ ಜಾಸ್ತಿ ಬರ್ತದೆ" ಅಂದರು. ಅವರಿಬ್ಬರ ಐಟಿನ್‌ಗೂ ದುಡ್ಡು ತೆಗೆದುಕೊಂಡರು. ಸಿದ್ದಾಪುರದ ಮನೆಯಲ್ಲಿ ಕೂತಿರುವ ಅತ್ತೆ ಮಾವನನ್ನು ಅಮೆರಿಕಾದ ರಿಟರ್ನ್‌ನಲ್ಲಿ ಅವಲಂಬಿತರು ಅಂತ ತೋರಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಅದಕ್ಕೆ ಅವರು ಅಮೆರಿಕಾದ ಪ್ರಜೆಗಳಾಗಿರಬೇಕು, ಇಲ್ಲ ಅಂದರೆ ಅಮೆರಿಕಾ, ಕೆನಡಾ ಅಥವಾ ಮೆಕ್ಸಿಕೋದ ನಿವಾಸಿಗಳಾಗಿರಬೇಕು. ವರ್ಷಾನುಗಟ್ಟಲೆ ಇದೇ ಕೆಲಸ ಮಾಡುವವರಿಗೆ ಇದು ಗೊತ್ತಿಲ್ಲದೆ ಇರುತ್ತದಾ? ಗೊತ್ತಿದ್ದೇ ತೆಗೆದುಕೊಂಡರು.

ಏಪ್ರಿಲ್ 15ರ ಗಡುವಿಗೆ ಮೊದಲೇ ಒಂದು ಪಿಡಿಎಫ್ ಕಳಿಸಿದರು. ಅದರಲ್ಲಿ ಇಬ್ಬರ ಹೆಸರೂ ಇತ್ತು, ಜಂಟಿ ಅಂತ ಟಿಕ್ ಇತ್ತು. ಸ್ವಲ್ಪ ದಿನಕ್ಕೆ ನನ್ನವರ ಖಾತೆಗೆ ರಿಫಂಡ್ ಬಂತು. ಎಲ್ಲರಿಗೂ ಖುಷಿ. ಅಪ್ಪ ಅವರ ಪಾಲನ್ನು ಅವತ್ತೇ ಕೊಟ್ಟು ಬಂದರು.

ಆದರೆ ಐಟಿನ್ ಬರಲಿಲ್ಲ. ಪಾಸ್‌ಪೋರ್ಟ್ ಬರಲಿಲ್ಲ. ಜುಲೈನಲ್ಲಿ ಚೆನ್ನೈನಲ್ಲಿ ಇಂಟರ್‌ವ್ಯೂ ಇತ್ತು. ಕೇಳಲು ಶುರು ಮಾಡಿದೆ.

"ಪಾಸ್‌ಪೋರ್ಟ್ ಆಸ್ಟಿನ್‌ಗೆ ಹೋಗಿದೆ ತಂಗೀ, ಬರ್ತದೆ."

ಆಸ್ಟಿನ್‌ನಲ್ಲಿ ಐಟಿನ್ ಅರ್ಜಿ ನೋಡುವ ಕಚೇರಿ ಇರುವುದು ನಿಜ. ಅದಕ್ಕೇ ನಂಬಿದೆವು. ಕೊರಿಯರ್ ರಸೀದಿ ಕಳಿಸಿ ಅಂದೆ. "ಹುಡುಗ ಊರಿಗೆ ಹೋಗಿದ್ದಾನೆ, ರಸೀದಿ ಅವನ ಹತ್ರ ಇದೆ." ಮತ್ತೆ ಕೇಳಿದೆ. "ಅಮೆರಿಕಾದಲ್ಲಿ ಈಗ ರಜೆ." ಮತ್ತೆ ಕೇಳಿದೆ. "ಸರ್ವರ್ ಡೌನ್." ಟ್ರ್ಯಾಕಿಂಗ್ ನಂಬರ್ ಆದರೂ ಕೊಡಿ ಅಂದಾಗ ಬಂದ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ: "ಓದಿದ ಹುಡುಗಿಯರಿಗೆ ಅನುಮಾನ ಜಾಸ್ತಿ. ನಾವು ಊರವರೇ, ಓಡಿ ಹೋಗ್ತೇವಾ?" ಅದನ್ನು ಓದಿ ನಾನೇ ಕ್ಷಮೆ ಕೇಳಿ ಮೆಸೇಜ್ ಹಾಕಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸುಳ್ಳು ಮೊದಲು ಗೊತ್ತಾಗಿದ್ದು ಟೆಕ್ಸಾಸ್‌ನಲ್ಲಿ. ನನ್ನವರು ಆಫೀಸಿನ ಸ್ನೇಹಿತರಿಗೆ ಬಿಲ್ ತೋರಿಸಿದ್ದಾರೆ. ಅವರು ಸ್ಟೇಟ್ ರಿಟರ್ನ್ ಶುಲ್ಕದ ಮೇಲೆ ಬೆರಳಿಟ್ಟು, "ಟೆಕ್ಸಾಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸೇ ಇಲ್ಲವಲ್ಲ, ಇದು ಎಂತಕ್ಕೆ?" ಅಂತ ಕೇಳಿದರಂತೆ. ಅವತ್ತು ರಾತ್ರಿಯೇ ನನ್ನವರು ಅಮೆರಿಕಾದ ಟ್ಯಾಕ್ಸ್ ಇಲಾಖೆ ಐಆರ್‌ಎಸ್‌ನಲ್ಲಿ ತಮ್ಮ ಆನ್‌ಲೈನ್ ಖಾತೆ ತೆರೆದು ಟ್ರಾನ್ಸ್‌ಕ್ರಿಪ್ಟ್, ಅಂದರೆ ಇಲಾಖೆಯ ದಾಖಲೆಯಲ್ಲಿರುವ ರಿಟರ್ನ್ ವಿವರ, ತೆಗೆದರು. ನನಗೆ ಫೋನ್ ಮಾಡಿದಾಗ ಅವರ ದನಿಯೇ ಬದಲಾಗಿತ್ತು.

ನಮಗೆ ಕಳಿಸಿದ ಪಿಡಿಎಫ್ ಬೇರೆ, ನಿಜವಾಗಿ ಹಾಕಿದ ರಿಟರ್ನ್ ಬೇರೆ.

ಹಾಕಿದ್ದರಲ್ಲಿ ನನ್ನ ಹೆಸರೇ ಇಲ್ಲ. ಸಿಂಗಲ್ ಅಂತ ಇದೆ. ಮದುವೆಯಾಗಿ ವರ್ಷವಾಗಿದೆ, ತಾಳಿ ಕಟ್ಟಿಸಿಕೊಂಡು ಕೂತಿದ್ದೇನೆ, ಕಾಗದದಲ್ಲಿ ನನ್ನ ಗಂಡ ಸಿಂಗಲ್! ಜೊತೆಗೆ ಯಾವುದೋ ಸ್ವಂತ ವ್ಯಾಪಾರದಲ್ಲಿ ನಷ್ಟ ಅಂತ ತೋರಿಸಿದ್ದಾರೆ. ರಿಫಂಡ್ ಜಾಸ್ತಿ ಬಂದಿದ್ದು ಅದರಿಂದ. ಎಚ್-1ಬಿಯಲ್ಲಿ ಇರುವವರು ವೀಸಾ ಮಾಡಿಸಿದ ಕಂಪನಿಯ ಕೆಲಸ ಮಾತ್ರ ಮಾಡಬೇಕು. ಸ್ವಂತ ವ್ಯಾಪಾರ ಮಾಡಿದ್ದಾರೆ ಅಂತ ಸರ್ಕಾರದ ಕಾಗದದಲ್ಲೇ ಬರೆದುಕೊಟ್ಟ ಹಾಗಾಯಿತು. ನನ್ನ ವೀಸಾ ಉಳಿಸುತ್ತೇನೆ ಅಂದವರು ನನ್ನವರ ವೀಸಾಕ್ಕೇ ಕೊಳ್ಳಿ ಇಟ್ಟರು.

ತಯಾರಿಸಿದವರ ಸಹಿ ಇರಬೇಕಾದ ಜಾಗ ಖಾಲಿ. ದುಡ್ಡು ತೆಗೆದುಕೊಂಡು ಅಮೆರಿಕಾದ ರಿಟರ್ನ್ ಮಾಡಿಕೊಡುವ ಯಾರೇ ಆದರೂ ಐಆರ್‌ಎಸ್ ಕೊಟ್ಟ ಪಿ-ಟಿನ್ ನಂಬರ್ ಇಟ್ಟುಕೊಂಡಿರಬೇಕು, ರಿಟರ್ನ್‌ನಲ್ಲಿ ಅದನ್ನು ಹಾಕಿ ಸಹಿ ಮಾಡಬೇಕು. ಇವರು ನನ್ನವರೇ ಸ್ವತಃ ಹಾಕಿದ ಹಾಗೆ ಕಳಿಸಿದ್ದಾರೆ. ಹಿಂದಿನ ವರ್ಷದ ರಿಟರ್ನ್ ಬೇಕು ಅಂತ ಯಾಕೆ ಅಷ್ಟು ಒತ್ತಾಯ ಮಾಡಿದ್ದರು ಅಂತ ಈಗ ಗೊತ್ತಾಯಿತು. ಅದರಲ್ಲಿರುವ ಒಟ್ಟು ಆದಾಯದ ಅಂಕಿ ಇದ್ದರೆ ಇ-ಫೈಲ್‌ನಲ್ಲಿ, ಅಂದರೆ ಆನ್‌ಲೈನ್‌ನಲ್ಲಿ ರಿಟರ್ನ್ ಹಾಕುವಾಗ, ಅವರೇ ನಾವು ಅಂತ ಸಹಿ ಹಾಕಬಹುದು.

ಆಗ ನನಗೆ ಹೊಳೆಯಿತು. ನನ್ನ ಹೆಸರೇ ಇಲ್ಲದ ರಿಟರ್ನ್ ಇ-ಫೈಲ್ ಆಗಿದೆ ಅಂದರೆ ಪಾಸ್‌ಪೋರ್ಟ್ ಎಲ್ಲಿಗೂ ಹೋಗಿಲ್ಲ. ಇಬ್ಬರೂ ಸೇರಿ ಮೊದಲ ಸಲ ಐಟಿನ್ ಜೊತೆ ಹಾಕುವಾಗ ಡಬ್ಲ್ಯೂ-7, ರಿಟರ್ನ್, ಇಬ್ಬರೂ ಸಹಿ ಮಾಡಿದ ಹೇಳಿಕೆ ಎಲ್ಲವನ್ನೂ ಕಾಗದದಲ್ಲೇ ಕಳಿಸಬೇಕು. ನಾನು ಒಂದು ಕಾಗದಕ್ಕೂ ಸಹಿ ಮಾಡಿರಲಿಲ್ಲ.

ಮಾರನೇ ದಿನ ಅಪ್ಪನೂ ನಾನೂ ಆಫೀಸಿಗೆ ಹೋದೆವು. ಅವರು ಕಾರವಾರಕ್ಕೆ ಹೋಗಿದ್ದರು. ಅಲ್ಲಿದ್ದ ಹುಡುಗಿ ಪಾಪ, ನಮ್ಮ ಫೈಲ್ ಹುಡುಕಲು ಮೇಜಿನ ಡ್ರಾಯರ್ ಎಳೆದಳು. ರಬ್ಬರ್ ಬ್ಯಾಂಡ್ ಹಾಕಿದ ಪಾಸ್‌ಪೋರ್ಟುಗಳ ಕಟ್ಟು. ಅದರೊಳಗೆ ನನ್ನದು. ನನ್ನದೊಂದೇ ಅಲ್ಲ, ಬೇರೆ ಯಾರ್ಯಾರದೋ ಇದ್ದವು. ಅಪ್ಪ ಒಂದು ಮಾತೂ ಆಡಲಿಲ್ಲ. ಹುಡುಗಿಯ ಎದುರೇ ರಸೀದಿ ಬರೆದುಕೊಟ್ಟು ನನ್ನದನ್ನು ತೆಗೆದುಕೊಂಡು ಬಂದೆವು.

ಸಂಜೆ ಅವರ ಫೋನ್ ಬಂತು. ತಪ್ಪಾಯಿತು ಅನ್ನಲು ಅಲ್ಲ. "ನಾನಿಲ್ಲದಾಗ ಬಂದು ಡ್ರಾಯರ್ ತೆಗೆಸಿದ್ದೀರಿ, ಇದು ಕಳ್ಳತನ" ಅಂದರು. ಪಾಸ್‌ಪೋರ್ಟ್ ಆಸ್ಟಿನ್‌ನಲ್ಲಿತ್ತಲ್ಲಣ್ಣ ಅಂದೆ. "ನೋಟರಿ ಕಾಪಿ ಕಳಿಸಿದ್ದೆ, ಒರಿಜಿನಲ್ ಸೇಫಾಗಿರಲಿ ಅಂತ ಇಟ್ಕೊಂಡಿದ್ದೆ" ಅಂದರು. ಐಟಿನ್‌ಗೆ ನೋಟರಿ ಕಾಪಿ ನಡೆಯುವುದೇ ಇಲ್ಲ. ಒರಿಜಿನಲ್ ಬೇಕು, ಅಥವಾ ಪಾಸ್‌ಪೋರ್ಟ್ ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ ಬೇಕು, ಇಲ್ಲವಾದರೆ ಐಆರ್‌ಎಸ್ ಒಪ್ಪಿದ ಏಜೆಂಟರು ನೋಡಿ ದೃಢೀಕರಿಸಬೇಕು. ಹಾಗಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಏನಂದರು ಗೊತ್ತಾ? "ರಿಫಂಡ್ ಬಂತಲ್ಲ, ತಿಂದ್ರಲ್ಲ, ಇನ್ನೆಂತ ತಕರಾರು ನಿಮ್ಮದು?"

ತಿಂದ್ರಲ್ಲ ಅಂತೆ. ಆ ಹೆಚ್ಚುವರಿ ರಿಫಂಡ್ ಪೂರ್ತಿ ಬಡ್ಡಿ ಸಮೇತ ನಾವೇ ಕಟ್ಟಬೇಕು. ಅವರ ಹದಿನೈದು ಪರ್ಸೆಂಟ್ ಅವರ ಹತ್ತಿರವೇ ಇದೆ.

ಇಷ್ಟೆಲ್ಲ ಆಗುವಷ್ಟರಲ್ಲಿ ಚೆನ್ನೈನ ಸ್ಲಾಟ್ ಬಿಡಬೇಕಾಯಿತು. ಇಂಥ ರಿಟರ್ನ್ ಇಟ್ಟುಕೊಂಡು ಹೋಗುವುದು ಬೇಡ ಅಂತ ವಕೀಲರು ಹೇಳಿದರು. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗಿದ್ದು ಅತ್ತೆ ಮಾವನಿಗೆ ಹೇಳುವಾಗ. ನಮ್ಮ ಮಾತಿನ ಮೇಲೆ ಅವರೂ ದುಡ್ಡು ಕೊಟ್ಟಿದ್ದರು. ಅತ್ತೆ "ಅಡ್ಡಿಲ್ಲೆ ಬಿಡು" ಅಂದರು. ಆದರೆ ನನಗೆ ಅವರ ಮುಖ ನೋಡಲು ಆಗಲಿಲ್ಲ.

ಇನ್ನೊಂದು ವಿಷಯ ಅವರು ಬೇಕಂತಲೇ ಮುಚ್ಚಿಟ್ಟಿದ್ದರು. ಇಲ್ಲಿರುವ ಹೆಂಡತಿಯನ್ನು ಸೇರಿಸಿ ಜಂಟಿ ಹಾಕಿದರೆ ಅವಳನ್ನೂ ಟ್ಯಾಕ್ಸ್ ಮಟ್ಟಿಗೆ ಅಲ್ಲಿಯ ನಿವಾಸಿ ಅಂತ ಲೆಕ್ಕ ಹಿಡಿಯುತ್ತಾರೆ. ಅವಳಿಗೆ ಇಲ್ಲಿ ಬರುವ ಆದಾಯವೂ ಸೇರುತ್ತದೆ. ನನ್ನ ಹೆಸರಿನ ಎಫ್‌ಡಿ ಬಡ್ಡಿ ಸೇರುತ್ತದೆ. ಅಡಿಕೆ ತೋಟದ ಪಾಲಿನ ದುಡ್ಡು ಸೇರುತ್ತದೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ಟ್ಯಾಕ್ಸ್ ಇಲ್ಲ, ಆದರೆ ಅಲ್ಲಿ ಆ ವಿನಾಯಿತಿ ಇಲ್ಲ. ಅದನ್ನು ಕೇಳಿದಾಗ "ಇಲ್ಲಿಯದನ್ನ ಅಲ್ಲಿಗೆ ಯಾರು ಹೇಳ್ತಾರೆ" ಅಂದಿದ್ದರು. ನನ್ನವರ ಹೆಸರಲ್ಲಿ, ಮಾವನ ಜೊತೆಗಿನ ಜಂಟಿ ಖಾತೆಯೂ ಸೇರಿ, ಇಲ್ಲಿರುವ ಖಾತೆಗಳ ಮೊತ್ತ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಅಂತ ಬೇರೆ ವರದಿ ಕೊಡಬೇಕು. ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಈಗ ಪಿ-ಟಿನ್ ಇರುವ ಒಬ್ಬರ ಕೈಯಲ್ಲಿ 1040-ಎಕ್ಸ್ ತಿದ್ದುಪಡಿ ರಿಟರ್ನ್ ತಯಾರಾಗುತ್ತಿದೆ. ನಮಗೆ ತಿಳಿಸದೆ ಬೇರೆ ರಿಟರ್ನ್ ಹಾಕಿದ್ದಕ್ಕೆ 14157 ಮತ್ತು 14157-ಎ ಫಾರ್ಮ್‌ಗಳಲ್ಲಿ ಐಆರ್‌ಎಸ್‌ಗೆ ದೂರು ಕೊಟ್ಟಿದ್ದೇವೆ. ಇಲ್ಲಿ ಪೊಲೀಸ್ ಠಾಣೆಗೂ ಕೊಟ್ಟಿದ್ದೇವೆ.

ಅವಸರ ಮಾಡಬೇಡಿ. ಏಪ್ರಿಲ್ 15ಕ್ಕೆ ಆಗದಿದ್ದರೆ 4868 ಫಾರ್ಮ್ ಹಾಕಿ ಅಕ್ಟೋಬರ್ 15ರ ತನಕ ಸಮಯ ತೆಗೆದುಕೊಳ್ಳಬಹುದು, ಕಟ್ಟಬೇಕಾದ ಟ್ಯಾಕ್ಸ್ ಮಾತ್ರ ಏಪ್ರಿಲ್‌ನಲ್ಲೇ ಕಟ್ಟಬೇಕು. ಐಟಿನ್‌ಗೆ ಐಆರ್‌ಎಸ್ ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ. ರಿಫಂಡ್‌ನಲ್ಲಿ ಪಾಲು ಕೇಳಿದವರ ಆಫೀಸಿನಿಂದ ಎದ್ದು ಬನ್ನಿ. ಊರವರು, ನೆಂಟರು ಅಂತ ನೋಡಬೇಡಿ, ಪಿ-ಟಿನ್ ಕೇಳಿ. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ.

ಈ ವರ್ಷ ಶಿರಸಿಯಲ್ಲಿ ಯಾರ ಹತ್ತಿರವಾದರೂ ಅಮೆರಿಕಾದ ರಿಟರ್ನ್ ಹಾಕಿಸಿದ್ದರೆ ಮಗನಿಗೋ ಅಳಿಯನಿಗೋ ಇವತ್ತೇ ಫೋನ್ ಮಾಡಿ. ಟ್ರಾನ್ಸ್‌ಕ್ರಿಪ್ಟ್ ತೆಗೆದು, ನಿಮಗೆ ಕಳಿಸಿದ ಪಿಡಿಎಫ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡಲು ಹೇಳಿ. ಹೊಂದದಿದ್ದರೆ ನನಗೆ ಮೆಸೇಜ್ ಹಾಕಿ. ನಾವು ತುಂಬಿದ ದೂರಿನ ಫಾರ್ಮ್‌ಗಳನ್ನು ಕಳಿಸಿಕೊಡುತ್ತೇನೆ.